ಎರವಲು ಗುಳಿಗೆ

ಅವತ್ತು ನಲ್ಲಿಯಲ್ಲಿ ನೀರು ಬರುವ ದಿನ. ಆಂಧ್ರಕ್ಕೆ ಸೇರಿದ ಆದವಾನಿಯ ನಮ್ಮ ಓಣಿಗೆ ದಿನ ಬಿಟ್ಟು ದಿನ ನೀರು ಬಿಡುತ್ತಾರೆ. ಬಿಟ್ಟರೆ ಮುಕ್ಕಾಲು ಗಂಟೆ, ಕೆಲವೊಮ್ಮೆ ಅದೂ ಇಲ್ಲ. ಹಾಗಾಗಿ ಅಂಥ ಬೆಳಗಿನಲ್ಲಿ ಕೈ ಏನೇ ಮಾಡುತ್ತಿದ್ದರೂ ನನ್ನ ಕಿವಿ ಮಾತ್ರ ಬಚ್ಚಲ ಕಡೆಗೇ ಇರುತ್ತದೆ. ಮಂಡಾಳ, ಅಂದರೆ ಮಂಡಕ್ಕಿ, ನೆನೆಸಿ ಹಿಂಡಿಟ್ಟು, ಉಗ್ಗಾಣಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ನನ್ನ ನಾದಿನಿ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಬೀಜಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುವುದು ಅವಳ ಪದ್ಧತಿ. ಸಾಲು ಕೂಡುವ ತನಕ ಯಾರೂ ಒಂದು ಬೀಜ ಮುಟ್ಟುವಂತಿಲ್ಲ.

ನಾದಿನಿ ಎಂದರೆ ನನ್ನ ಗಂಡನ ತಂಗಿ. ಮೂವತ್ತನಾಲ್ಕು ವರ್ಷ. ತಲೆಯಲ್ಲಿ ಒಂದೊಂದು ಬಿಳಿ ಕೂದಲು ಬಂದಿದೆ, ಬುದ್ಧಿ ಮಾತ್ರ ನಾಲ್ಕೈದು ವರ್ಷದ ಮಗುವಿನ ಹತ್ತಿರವೇ ನಿಂತಿದೆ. ಚಿಕ್ಕಂದಿನಿಂದ ಫಿಟ್ಸ್ ಬರುತ್ತದೆ. ಹೊತ್ತಿಗೆ ಸರಿಯಾಗಿ ಗುಳಿಗೆ ಹೋದರೆ ವರ್ಷಗಟ್ಟಲೆ ಏನೂ ಇಲ್ಲ. ಒಮ್ಮೆ ವಾಂತಿಯಾಗಿ ಎರಡು ದಿನ ಗುಳಿಗೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಆಗ ಹಿತ್ತಲಲ್ಲಿ ರುಬ್ಬುವ ಕಲ್ಲಿನ ಮೇಲೆ ಬಿದ್ದಳು. ಗದ್ದದ ಕೆಳಗೆ ಆರು ಹೊಲಿಗೆಯ ಗುರುತು ಈಗಲೂ ಇದೆ. ಜಡೆ ಹಾಕುವಾಗ ಮುಖ ಎತ್ತಿಸಿದರೆ ದಿನವೂ ನನಗದು ಕಾಣುತ್ತದೆ.

ನಮ್ಮತ್ತೆ ತೀರಿಕೊಳ್ಳುವ ಮುಂಚೆ ಗುಳಿಗೆಗಳ ಸ್ಟೀಲ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಬೆಳಿಗ್ಗಿ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು, ತಪ್ಪಿಸಬ್ಯಾಡ ಎಂದಿದ್ದರು. ಅಷ್ಟೇ. ಹನ್ನೊಂದು ವರ್ಷದಿಂದ ನಾನೇ ಕೊಡುತ್ತಿದ್ದೇನೆ. ಇದಕ್ಕೆ ಯಾರಾದರೂ ಏನಾದರೂ ಕಲಿಸಬೇಕಿತ್ತು ಎಂದು ನನಗೆ ಎಂದೂ ಅನ್ನಿಸಿರಲಿಲ್ಲ.

ಎರಡು ವರ್ಷದಿಂದ ಅವಳು ಹಗಲು ಒಂದು ಕೇಂದ್ರಕ್ಕೆ ಹೋಗುತ್ತಾಳೆ. ರೈಲ್ವೆ ಸ್ಟೇಷನ್ನಿನ ಆಚೆ ಬಾಡಿಗೆಯ ಮನೆಯಲ್ಲಿ ನಡೆಯುವ ಸಣ್ಣ ಜಾಗ. ಅವಳಂಥವರು ಹತ್ತು ಹನ್ನೆರಡು ಮಂದಿ ಬರುತ್ತಾರೆ, ಕಾಗದದ ಕವರು ಅಂಟಿಸುತ್ತಾರೆ, ರಂಗೋಲಿ ಪುಡಿಯನ್ನು ಪೊಟ್ಟಣ ಕಟ್ಟುತ್ತಾರೆ. ಅವಳು ಅದನ್ನು ಆಫೀಸು ಎನ್ನುತ್ತಾಳೆ. ಒಂಬತ್ತು ಹೊಡೆಯಿತೆಂದರೆ ಚಪ್ಪಲಿ ಹಾಕಿಕೊಂಡು, ಅತ್ತಿಗಿ, ಆಫೀಸಿಗೆ ಹೊತ್ತಾತು, ಎಂದು ಬಾಗಿಲಲ್ಲಿ ನಿಂತುಬಿಡುತ್ತಾಳೆ. ಕೇಂದ್ರಕ್ಕೆ ಸೇರುವ ಮುಂಚೆ ಮನೆಯಲ್ಲಿ ಇಡೀ ದಿನ ಕಿಟಕಿ ಹಿಡಿದು ನಿಲ್ಲುತ್ತಿದ್ದವಳು.

ಅಲ್ಲಿ ಮಧ್ಯಾಹ್ನದ ಔಷಧಿಗಳನ್ನು ಒಬ್ಬ ನರ್ಸ್ ಕೊಡುತ್ತಿದ್ದಳು. ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿ ಹೋದಳು. ಬೇರೆಯವರು ಆ ಸಂಬಳಕ್ಕೆ ಬರಲಿಲ್ಲ. ಕೇಂದ್ರ ನಡೆಸುವವರು ನಿವೃತ್ತ ಶಿಕ್ಷಕಿ, ನಾವೆಲ್ಲ ಅವರನ್ನು ದೊಡ್ಡ ಟೀಚರ್ ಅನ್ನುತ್ತೇವೆ. ಅವರು ಪರಿಚಯದ ಒಬ್ಬ ಹಿರಿಯ ನರ್ಸನ್ನು ಎರಡು ಮಧ್ಯಾಹ್ನ ಕರೆಸಿ, ಅಲ್ಲಿನ ಆಯಾಗೆ ಗುಳಿಗೆ ಕೊಡುವುದನ್ನು ಕಲಿಸಿದರು. ಆಮೇಲೆ ಪ್ರತಿ ಮನೆಗೂ ಒಂದು ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ವೈದ್ಯಕೀಯ ಪರವಾನಗಿ ಇಲ್ಲದ ನಮ್ಮ ಸಹಾಯಕಿ ನಿಮ್ಮವರಿಗೆ ವೈದ್ಯರು ಬರೆದ ಗುಳಿಗೆಯನ್ನು ಕೊಡಲು ನೀವು ಒಪ್ಪುತ್ತೀರಿ ಎಂದು ಸಹಿ ಮಾಡಿರಿ. ಒಪ್ಪದಿದ್ದರೆ ಮನೆಯವರೇ ದಿನವೂ ಒಂದು ಗಂಟೆಗೆ ಬಂದು ಕೊಡತಕ್ಕದ್ದು. ಎರಡೂ ಆಗದಿದ್ದರೆ, ಫಿಟ್ಸ್ ಇರುವವರನ್ನು ಇಟ್ಟುಕೊಳ್ಳುವ ಜವಾಬ್ದಾರಿ ನಮ್ಮಿಂದ ಆಗದು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಇಂಗ್ಲಿಷ್ ಕಾಗದವನ್ನು ಎರಡು ಸಲ ಓದಿ, ಅಲ್ಪವಿರಾಮ ಎಲ್ಲೆಲ್ಲಿ ತಪ್ಪಿದೆ ನೋಡುವುದು ನನ್ನ ಚಟ. ಇದರಲ್ಲಿ ಒಂದೂ ತಪ್ಪಿರಲಿಲ್ಲ. ಹೊಸ ನಿಯಮ ಶುರುವಾಗಿ ಒಂದು ವಾರ ಆಗಿತ್ತು, ಸಹಿ ಮಾಡದವರಿಗೂ ಈ ವಾರದ ಮಟ್ಟಿಗೆ ಆಯಾನೇ ಕೊಡುತ್ತಿದ್ದಳು. ಕಾಗದವನ್ನು ನಾಳೆ ಬೆಳಿಗ್ಗೆ ಕೊಡಲೇಬೇಕು. ನನ್ನ ಗಂಡನನ್ನು ಕೇಳಿದರೆ, ನಿಂಗ ಹೆಂಗ ತಿಳೀತದ ಹಂಗ ಮಾಡು ಎಂದಿದ್ದರು. ನನಗೆ ತಿಳಿಯುತ್ತಿರಲಿಲ್ಲ. ಆಯಾ ಒಳ್ಳೆಯವಳೇ. ಆದರೆ ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತೆಲುಗು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಗುಳಿಗೆಯ ಹಾಳೆಯ ಮೇಲಿನ ಇರುವೆಯಂಥ ಇಂಗ್ಲಿಷ್ ಅಕ್ಷರವನ್ನು ಅವಳು ಏನೆಂದು ಓದಬೇಕು? ಎಡವಟ್ಟಾದರೆ ನನ್ನ ಸಹಿ ಕೆಳಗೆ ಇರುತ್ತದೆ.

ಈಗ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ಗುಳಿಗೆಯ ಹಾಳೆಯನ್ನು ಹಾಗೇ ಚೀಲದಲ್ಲಿಟ್ಟು ಕಳಿಸುವಂತಿರಲಿಲ್ಲ. ನಾದಿನಿಗೆ ಆ ಬೆಳ್ಳಿಯ ಕಾಗದ ಕಂಡರೆ ಆಗದು, ಒತ್ತಿ ಒತ್ತಿ ಎಲ್ಲವನ್ನೂ ಬಿಚ್ಚಿಬಿಡುತ್ತಾಳೆ. ಹಾಗಾಗಿ ನಾನು ಗೋಡೆಯ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿದು, ಅದನ್ನು ಎರಡು ಮಾಡಿ, ತಾರೀಖಿನ ಅಂಕಿ ಇರುವ ಅರ್ಧದಲ್ಲಿ ಅವಳ ಮಧ್ಯಾಹ್ನದ ಗುಳಿಗೆ ಸುತ್ತಿ ಟಿಫಿನ್ ಚೀಲದ ಜಿಪ್ಪಿನೊಳಗೆ ಇಡುತ್ತೇನೆ. ರಾಹುಕಾಲ, ವರ್ಜ್ಯ ಎಲ್ಲ ಬರೆದಿರುವ ಇನ್ನರ್ಧದಲ್ಲಿ ನನ್ನ ಗಂಡನ ಸಕ್ಕರೆ ಕಾಯಿಲೆಯ ಗುಳಿಗೆ ಸುತ್ತಿ ಅವರ ಅಂಗಿಯ ಜೇಬಿಗೆ ಹಾಕುತ್ತೇನೆ. ಇಬ್ಬರದೂ ಬಿಳಿ ಗುಳಿಗೆ. ಹೊಸ ನಿಯಮ ಬಂದಮೇಲೆ ಗುಳಿಗೆಯ ಹಾಳೆಯ ಸಮೇತ ಕಳಿಸಿರಿ ಎಂದು ದೊಡ್ಡ ಟೀಚರ್ ಹೇಳಿದ್ದರು. ನಮ್ಮ ಹುಡುಗಿ ಹಾಳೆ ಉಳಿಸುವುದಿಲ್ಲ ಟೀಚರ್ ಎಂದು ನಾನೇ ನಕ್ಕು ಬಿಟ್ಟಿದ್ದೆ. ಇಷ್ಟು ವರ್ಷ ನಡೆದದ್ದು ತಾನೇ.

ಆ ಬೆಳಿಗ್ಗೆ ಎರಡೂ ಗುಳಿಗೆಯನ್ನು ಒತ್ತಿ ತೆಗೆದು ಎರಡು ಅರ್ಧ ಹಾಳೆಗಳ ಮೇಲೆ ಇಟ್ಟಿದ್ದೆನೋ, ಹಾಳೆಗಳ ಪಕ್ಕದಲ್ಲಿ ಇಟ್ಟಿದ್ದೆನೋ, ಬಚ್ಚಲಲ್ಲಿ ನಲ್ಲಿ ಗೊರಗೊರ ಅಂದಿತು. ಓಡಿದೆ. ಎರಡು ಡ್ರಮ್ಮು, ನಾಲ್ಕು ಕೊಡ ತುಂಬುವಷ್ಟರಲ್ಲಿ ಆಟೋದವನು ಹಾರನ್ ಹೊಡೆದ. ಒದ್ದೆ ಕೈಯಲ್ಲೇ ಬಂದು ಸುತ್ತಿದೆ. ಹೆಬ್ಬೆರಳಿನ ನೀರು ತಗಲಿ ಅಂಕಿಯ ಕೆಂಪು ಮಸಿ ಸ್ವಲ್ಪ ಹರಡಿದ್ದು ನೆನಪಿದೆ. ಅಷ್ಟು ನೆನಪಿದೆ. ಗುಳಿಗೆ ನೆನಪಿಲ್ಲ.

ಹನ್ನೆರಡೂವರೆಗೆ ಜೋಳ ಬೀಸಿಸಲು ಗಿರಣಿಗೆ ಹೋದೆ. ಫೋನನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಬಿಟ್ಟಿದ್ದೆ. ಗಿರಣಿಯಲ್ಲಿ ಸಾಲಿತ್ತು. ಹಿಟ್ಟಿನ ಡಬ್ಬಿ ಸೊಂಟಕ್ಕಿಟ್ಟು ಬಂದು ನೋಡಿದರೆ ಎರಡು ಗಂಟೆ. ಕೇಂದ್ರದಿಂದ ನಾಲ್ಕು ಸಲ ಫೋನು ಬಂದಿದೆ. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ.

ಸೀರೆಯ ಮೇಲಿನ ಹಿಟ್ಟು ಕೊಡವದೆ ಆಟೋ ಹತ್ತಿದೆ. ಸ್ಟೇಷನ್ ಹತ್ತಿರ ಹತ್ತಿಯ ಲಾರಿಗಳು ಅಡ್ಡ ನಿಂತಿದ್ದವು. ಆಟೋದವನು ಬೀಡಿ ಹಚ್ಚಿದ. ಆ ಗದ್ದ, ಆ ಹೊಲಿಗೆಗಳು, ಅಲ್ಲಿಯ ನೆಲ ಸಿಮೆಂಟೋ ಕಡಪ ಕಲ್ಲೋ ಎಂದು ಅದನ್ನೇ ಯೋಚಿಸುತ್ತಿದ್ದೆ.

ಹೋಗಿ ನೋಡಿದರೆ ನಾದಿನಿ ಚಾಪೆಯ ಮೇಲೆ ಕುಳಿತು ಕವರಿಗೆ ಗೋಂದು ಹಚ್ಚುತ್ತಿದ್ದಾಳೆ. ನನ್ನನ್ನು ನೋಡಿ ಮುಖ ಗಂಟಿಕ್ಕಿದಳು. ಆಫೀಸಿಗೆ ಮನೆಯವರು ಬರುವುದು ಅವಳಿಗೆ ಹಿಡಿಸುವುದಿಲ್ಲ.

ಆಯಾ ಅಡುಗೆಕೋಣೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ನಲವತ್ತು ದಾಟಿದ ಹೆಂಗಸು, ದೇವನಕೊಂಡದ ಕಡೆಯವಳು. ಅರ್ಧ ತೆಲುಗು, ಅರ್ಧ ಕನ್ನಡ. ಮೊದಲು ನನಗೆ ನೀರು ಕೊಟ್ಟು ಕುಡಿಸಿದಳು. ಆಮೇಲೆ ಕಪಾಟಿನಿಂದ ಕ್ಯಾಲೆಂಡರಿನ ಅರ್ಧ ಹಾಳೆ ತಂದು ನನ್ನ ಅಂಗೈ ಮೇಲೆ ಬಿಚ್ಚಿದಳು.

"ಅಮ್ಮಾರೆ, ಚೂಡಂಡಿ. ಇದು ಆಕಿ ಗುಳಿಗಿ ಅಲ್ಲ. ಇದು ಸಕ್ರಿ ಗುಳಿಗಿ."

ಗುಳಿಗೆಯನ್ನು ನೋಡಿದೆ. ಬಿಳಿ, ಸ್ವಲ್ಪ ಉದ್ದ. ನಾದಿನಿಯದು ಗುಂಡಗೆ, ನಡುವೆ ಒಂದು ಗೆರೆ. ಹನ್ನೊಂದು ವರ್ಷ ದಿನವೂ ಬೆರಳಲ್ಲಿ ಹಿಡಿದದ್ದು. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವಳಿಗೆ ಅದು ಕೇಳುವ ಮಾತೇ ಅಲ್ಲ ಅನ್ನಿಸಿರಬೇಕು.

"ನಮ್ಮತ್ತಿ ದಿನಾ ಇದನ್ನ ನುಂಗತಾಳ. ನಾನಾ ಕೊಡೋದು. ಗೊತ್ತಾಗಂಗಿಲ್ಲೇನು?"

ಮಧ್ಯಾಹ್ನ ಒಂದು ಗಂಟೆಗೆ ಪೊಟ್ಟಣ ಬಿಚ್ಚಿದ್ದಾಳೆ. ಬೇರೆ ಗುಳಿಗೆ. ಅನುಮಾನ ಬಂದರೆ ಕೊಡಬೇಡ, ಫೋನು ಮಾಡು ಎಂದು ಆ ಹಿರಿಯ ನರ್ಸ್ ಕಲಿಸಿದ್ದರು. ಕೊಡಲಿಲ್ಲ, ಫೋನು ಮಾಡಿದಳು. ನಾನು ಗಿರಣಿಯಲ್ಲಿದ್ದೆ. ದೊಡ್ಡ ಟೀಚರಿಗೂ ಮಾಡಿದಳು. ಅವರು ಏನೋ ಸರ್ಟಿಫಿಕೇಟಿನ ಕೆಲಸಕ್ಕೆಂದು ಆಲೂರಿಗೆ ಹೋಗುವ ಬಸ್ಸಿನಲ್ಲಿದ್ದರು, ಸಿಗ್ನಲ್ ಸಿಗಲಿಲ್ಲ. ಅಲ್ಲಿಯ ತನಕ ಅವಳು ಮಾಡಿದ್ದೆಲ್ಲ ಸರಿ ಎಂದು ಕೇಳುತ್ತಲೇ ನನಗೆ ಅನ್ನಿಸಿತು. ನನಗಿಂತ ಸರಿ. ಆ ಉದ್ದ ಗುಳಿಗೆ ನಾದಿನಿಯ ಹೊಟ್ಟೆಗೆ ಹೋಗಿದ್ದರೆ ಎಂದುಕೊಳ್ಳುತ್ತ ಅದನ್ನು ಮತ್ತೆ ಸುತ್ತಿ ಸೆರಗಿನ ತುದಿಗೆ ಕಟ್ಟಿದೆ.

ಆಮೇಲೆ ಕೇಳಿದೆ, ಹಾಗಾದರೆ ಅವಳ ಮಧ್ಯಾಹ್ನದ ಗುಳಿಗೆ ತಪ್ಪಿತೇ ಎಂದು.

"ತಪ್ಪಿಸ್ತೀನೇನು? ಕೊಟ್ಟೆನಲ್ಲ, ಒಂದೂವರಿಗೆ."

"ಎಲ್ಲಿಂದ ತಂದಿ?"

ಕಿಟಕಿಯ ಹತ್ತಿರ ಕುಳಿತು ರಂಗೋಲಿ ಪುಡಿ ತುಂಬುತ್ತಿದ್ದ ಹುಡುಗಿಯ ಕಡೆಗೆ ಗದ್ದ ಎತ್ತಿ ತೋರಿಸಿದಳು. ಆ ಹುಡುಗಿಗೂ ಫಿಟ್ಸ್ ಇದೆ. ಅವಳ ಮನೆಯವರು ತಿಂಗಳಿಗಾಗುವಷ್ಟನ್ನು ಹಾಳೆಯ ಸಮೇತ ಕೇಂದ್ರದಲ್ಲೇ ಇಟ್ಟಿದ್ದಾರೆ.

"ಆಕೀದೂ ಅದಾ ಗುಳಿಗಿ. ಒಂದು ಎರವಲು ತಗಂಡೆ. ನಾಳಿ ಒಂದು ಕೊಟ್ಟುಬಿಡ್ರಿ, ಸರಿಹೋಗ್ತೈತಿ."

ಹೆಪ್ಪಿಗೆ ಮಜ್ಜಿಗೆ ಇಸಿದುಕೊಂಡ ಹಾಗೆ ಹೇಳಿದಳು. ನಮ್ಮ ಓಣಿಯಲ್ಲಿ ಎಲ್ಲವೂ ಹಾಗೇ ನಡೆಯುತ್ತದೆ. ಹೆಪ್ಪು, ಕರಿಬೇವು, ಮದುವೆಗೆ ಹೋಗುವಾಗ ಬಳೆ, ಗ್ಯಾಸ್ ಮುಗಿದರೆ ಸಿಲಿಂಡರ್. ಇಲ್ಲ ಎನ್ನುವವರು ಕೆಟ್ಟವರು. ಅವಳ ಮಾತು ಕಿವಿಗೆ ಬಿದ್ದಾಗ ಮೊದಲು ನನಗೂ ಸಮಾಧಾನವೇ ಆಯಿತು, ನಿಜ ಹೇಳಬೇಕು. ಸಿಕ್ಕಿತಲ್ಲ, ತಪ್ಪಲಿಲ್ಲವಲ್ಲ ಎಂದು. ಆಮೇಲೆ ನಿಜವಾಗಿ ಅದೇ ಗುಳಿಗೆಯೋ ಅಲ್ಲವೋ ಎಂಬ ಅನುಮಾನ ಬಂತು. ಆ ಹುಡುಗಿಯ ಹಾಳೆಯನ್ನು ತರಿಸಿ ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಕಂಪನಿ ಬೇರೆ. ಔಷಧಿಯ ಹೆಸರು ಅದೇ. ಪಕ್ಕದ ಮಿಲಿಗ್ರಾಂ ಅಂಕಿಯೂ ಅದೇ. ಎರಡು ಸಲ ಓದಿದೆ, ಕಾನ್ವೆಂಟಿನ ಹುಡುಗಿಯ ಹಾಗೆ ಬೆರಳಿಟ್ಟು.

ಅಂಕಿ ನೋಡಿದ್ದೆಯಾ ಎಂದು ಕೇಳಿದೆ. ನೋಡಿದೆ ಎಂದಳು. ಯಾವ ಅಂಕಿ ಎಂದರೆ, ಹಾಳೆಯ ಮೇಲೆ ಸರಿಯಾದ ಜಾಗಕ್ಕೇ ಬೆರಳಿಟ್ಟಳು. ಆದರೆ ನಮ್ಮ ಮನೆಯ ಹಾಳೆಯನ್ನು ಅವಳು ಕಂಡವಳೇ ಅಲ್ಲ. ನಾನು ಕಳಿಸುತ್ತಲೇ ಇರಲಿಲ್ಲವಲ್ಲ. ಹಾಗಿದ್ದರೆ ಯಾವುದಕ್ಕೆ ಹೋಲಿಸಿ ನೋಡಿದಳು? ಗುಂಡಗೆ ಇದೆ, ಗೆರೆ ಇದೆ, ದಿನವೂ ಕೊಡುವಂಥದ್ದೇ ಎಂದು ನೋಡಿರಬೇಕು. ಸರಿ ಬಿತ್ತು. ತಿಳಿದು ಸರಿ ಬಿತ್ತೋ ಸುಮ್ಮನೆ ಬಿತ್ತೋ ನನಗೆ ಇವತ್ತಿಗೂ ಹೇಳಲಾಗದು.

ಮೂರೂವರೆಗೆ ದೊಡ್ಡ ಟೀಚರ್ ಬಂದರು. ಮುಖಕ್ಕೆಲ್ಲ ಬಸ್ಸಿನ ಧೂಳು. ಕಥೆ ಕೇಳಿ ಕುರ್ಚಿಯ ಮೇಲೆ ಕುಳಿತರು. ನನ್ನ ತಪ್ಪನ್ನು ನಾನೇ ಮೊದಲು ಹೇಳಿದೆ, ಸ್ವಲ್ಪ ಮೆಲ್ಲಗೆ. ಅವರು ನನ್ನನ್ನು ಬಿಟ್ಟು ಆಯಾ ಕಡೆಗೆ ತಿರುಗಿ, ಒಬ್ಬರದನ್ನು ಇನ್ನೊಬ್ಬರಿಗೆ ಕೊಡಬಾರದು ಎಂದು ಎಷ್ಟು ಸಲ ಹೇಳಿಸಿದೆ, ಪುಸ್ತಕದಲ್ಲಿ ಬರೆಸಿದ್ದೇನೆ, ಅದೊಂದು ಮಾತ್ರ ಯಾವ ಕಾರಣಕ್ಕೂ ಆಗದು ಎಂದರು. ಸಿಟ್ಟಿನಿಂದಲ್ಲ, ಸುಸ್ತಿನಿಂದ.

"ಮೇಡಂ, ಗುಳಿಗಿ ತಪ್ಪಿದ್ರೆ ಆಕಿ ಬೀಳತಾಳ ಅಂತಾನೂ ನೀವಾ ಹೇಳಿಸೀರಿ. ನೀವು ಫೋನ್ ಎತ್ತಲಿಲ್ಲ, ಅಮ್ಮಾರು ಎತ್ತಲಿಲ್ಲ. ನಾ ಯಾವುದನ್ನ ಕೇಳಲಿ?"

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಆಯಾ ಪುಸ್ತಕ ತಂದು ಟೇಬಲ್ಲಿನ ಮೇಲೆ ಬಿಚ್ಚಿಟ್ಟಳು. ನಾದಿನಿಯ ಹೆಸರಿನ ಮುಂದೆ ಒಂದೂವರೆ ಎಂದು ಬರೆದು ಗೀಟು ಹಾಕಿದ್ದಳು. ಆ ಇನ್ನೊಬ್ಬ ಹುಡುಗಿಯ ಹೆಸರಿನ ಮುಂದೆ ಒಂದು ಗೀಟು, ಅದರ ಪಕ್ಕ ಒಂದು ಸಣ್ಣ ಸೊನ್ನೆ. ಇದೇನು ಎಂದರೆ, ಆಕಿಗೆ ಒಂದು ಬರೋದೈತಿ ಅಂತ ಎಂದಳು. ಮುಚ್ಚಿಡಬೇಕು ಎಂಬುದೇ ಅವಳ ತಲೆಗೆ ಬಂದಿರಲಿಲ್ಲ. ನಾನಾಗಿದ್ದರೆ ಬರೆಯುತ್ತಿದ್ದೆನೇ? ನನ್ನ ಡಬ್ಬಿಯ ಜೊತೆ ಪುಸ್ತಕವೇ ಇಲ್ಲ. ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಮರೆತೆ, ಎಷ್ಟು ಸಲ ಹೆಚ್ಚಾಯಿತು, ಎಲ್ಲಿಯೂ ಬರೆದಿಲ್ಲ.

ಟೀಚರ್ ನನ್ನ ಕಡೆ ನೋಡಿ, ನಾಳೆಯಿಂದ ಹಾಳೆ ಸಮೇತ ನನ್ನ ಕೈಗೇ ಕೊಡಿರಿ, ಬೀಗದಲ್ಲಿ ಇಡುತ್ತೇನೆ ಎಂದರು. ಆ ಹುಡುಗಿಯ ತಾಯಿಗೂ ಇವತ್ತೇ ಹೇಳುತ್ತೇನೆ ಎಂದರು. ಯಾಕ ಸುಮ್ಮನ, ನಾಳಿ ಇಟ್ಟುಬಿಟ್ರಾತು ಎಂದು ಆಯಾ ಗೊಣಗಿದಳು. ಹೊರಡುವಾಗ ಆಯಾ ನಾದಿನಿಯ ಚೀಲ ಹೆಗಲಿಗೆ ಏರಿಸುತ್ತ ಟೀಚರಿಗೆ ಕೇಳುವ ಹಾಗೆ ಹೇಳಿದಳು:

"ಎರಡು ದಿನ ಅಮ್ಮಾರಿಗೂ ಟ್ರೈನಿಂಗ್ ಕೊಡಸ್ರಿ ಮೇಡಂ."

ಟೀಚರ್ ಪುಸ್ತಕದೊಳಗೆ ಮುಖ ಬಗ್ಗಿಸಿದರು. ನಗುತ್ತಿದ್ದರೇನೋ. ನಾನೂ ನಕ್ಕೆ. ನಗುತ್ತ ಇರುವಾಗಲೇ ನೆನಪಾಯಿತು, ಸಕ್ಕರೆ ಗುಳಿಗೆ ಇಲ್ಲಿಗೆ ಬಂದಿದ್ದರೆ ಫಿಟ್ಸಿನ ಗುಳಿಗೆ ಎಲ್ಲಿ ಹೋಯಿತು ಎಂದು.

ನನ್ನ ಗಂಡ ಮಾರ್ಕೆಟ್ ಯಾರ್ಡಿನ ಒಂದು ಹತ್ತಿ ಮಂಡಿಯಲ್ಲಿ ಗುಮಾಸ್ತರು. ಫೋನು ಮಾಡಿದರೆ ದನಿ ದಪ್ಪಗಾಗಿತ್ತು. ಊಟ ಆದಮೇಲೆ ಜೇಬಿನದನ್ನು ಎಂದಿನಂತೆ ಬಾಯಿಗೆ ಹಾಕಿಕೊಂಡಿದ್ದಾರೆ, ನೋಡಿಲ್ಲ. ಒಂದು ತಾಸಿನಿಂದ ಕಣ್ಣು ಎಳೀಲಿಕ್ಕತ್ತಾವ, ಟೇಬಲ್ ಮ್ಯಾಲೆ ಮಲಗಿದ್ದೆ ಎಂದರು. ವಿಷಯ ಹೇಳಿದೆ. ಹಂಗಾರ ಇವತ್ತು ನಂಗ ಫಿಟ್ಸ್ ಬರೂದಿಲ್ಲ ಬಿಡು ಎಂದರು. ಅವರ ಸ್ವಭಾವವೇ ಅಷ್ಟು. ನಾನು ನಮ್ಮ ಡಾಕ್ಟರಿಗೆ ಕೇಳಿದೆ. ಒಂದೇ ಗುಳಿಗೆ ತಾನೇ, ಗಾಡಿ ಓಡಿಸುವುದು ಬೇಡ, ಯಾರಾದರೂ ಜೊತೆಗಿರಲಿ, ತಲೆ ಸುತ್ತು ಜಾಸ್ತಿಯಾದರೆ ಕರಕೊಂಡು ಬನ್ನಿರಿ ಎಂದರು. ಐದು ಗಂಟೆಗೆ ಮಂಡಿಯವರು ಆಟೋದಲ್ಲಿ ತಂದು ಬಿಟ್ಟರು. ಇವರು ಬಂದವರೇ ಚಾಪೆಯ ಮೇಲೆ ಮಲಗಿದರು. ನಾದಿನಿ ಅಣ್ಣನ ಕಾಲ ಹತ್ತಿರ ಕುಳಿತು ಅವರ ಬೆರಳು ಎಳೆಯುತ್ತ, ಆಫೀಸು ರಜಾ ಏನು ಎಂದು ಕೇಳುತ್ತಿದ್ದಳು.

ಸಂಜೆ ಬಾಗಿಲ ಕಟ್ಟೆಯ ಮೇಲೆ ಕಾಗದ ತೆಗೆದುಕೊಂಡು ಕುಳಿತೆ. ತೊಡೆಯ ಮೇಲೆ ಒಂದು ಹಳೆ ನೋಟ್‌ಬುಕ್ಕು, ಅದರ ಮೇಲೆ ಕಾಗದ. ಸಹಿ ಮಾಡದಿದ್ದರೆ ದಿನವೂ ಒಂದು ಗಂಟೆಗೆ ನಾನು ಹೋಗಿ ಕೊಡಬೇಕು. ಹೋಗುತ್ತೇನೆ ಅಂತಲೇ ಇಟ್ಟುಕೊಳ್ಳೋಣ. ಇವತ್ತು ನಾನೇ ಹೋಗಿ ಕೊಟ್ಟಿದ್ದರೆ? ಪೊಟ್ಟಣ ಬಿಚ್ಚಿ, ನಾನೇ ಸುತ್ತಿದ್ದು ಎಂಬ ಧೈರ್ಯದಲ್ಲಿ ಗುಳಿಗೆಯ ಮುಖವನ್ನೂ ನೋಡದೆ ಅವಳ ಬಾಯಿಗೆ ಹಾಕಿ ನೀರು ಕುಡಿಸುತ್ತಿದ್ದೆ. ಸಹಿ ಮಾಡಿದರೆ? ನಾಳೆ ಆಯಾಗೆ ಮತ್ತೊಂದು ಗುಂಡಗಿನ, ಗೆರೆಯ, ಬಿಳಿ ಗುಳಿಗೆ ಸಿಕ್ಕೀತು, ಹೆಸರು ಬೇರೆಯದಿದ್ದೀತು. ಹೇಳಿದ್ದನ್ನು ಮಾಡಿದ್ದೂ ಅವಳೇ, ಮಾಡಬೇಡ ಅಂದದ್ದನ್ನು ಮಾಡಿದ್ದೂ ಅವಳೇ, ಅರ್ಧ ಗಂಟೆಯ ಅಂತರದಲ್ಲಿ, ಒಂದೇ ಕಾಳಜಿಯಿಂದ. ಎರಡನ್ನು ಬೇರೆ ಮಾಡಿ ಒಂದಕ್ಕೆ ಮಾತ್ರ ಸಹಿ ಹಾಕುವ ಜಾಗ ಆ ಕಾಗದದಲ್ಲಿ ಇರಲಿಲ್ಲ. ನಾದಿನಿಯನ್ನು ಸುಮ್ಮನೆ ಮನೆಯಲ್ಲೇ ಇಟ್ಟುಕೊಂಡರೆ ಎಂಬ ಯೋಚನೆಯೂ ಬಂತು. ಒಳಗೆ ಅವಳು ನಾಳೆಗೆಂದು ಟಿಫಿನ್ ಚೀಲದ ಜಿಪ್ಪು ತೆಗೆದು ಹಾಕಿ ಮಾಡುತ್ತಿದ್ದ ಸದ್ದು ಕೇಳಿಸುತ್ತಿತ್ತು.

ಎದುರು ಮನೆಯ ಅಕ್ಕ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದವರು, ಯಾಕ ತಂಗಿ, ಮಾರಿ ಹಂಗ ಮಾಡ್ಕೊಂಡು ಕುಂತೀ ಎಂದರು. ನಮ್ಮತ್ತೆಯ ಕಾಲದಿಂದಲೂ ನಮ್ಮ ಮನೆಗೆ ಬಳಕೆಯವರು. ಬೆಳಗಿನಿಂದ ನಡೆದದ್ದನ್ನು ಅಲ್ಲಲ್ಲಿ ಬಿಟ್ಟು ಹೇಳಿದೆ. ಕಾಗದದಲ್ಲಿ ಏನಿದೆ ಎಂಬುದನ್ನೂ ಕನ್ನಡದಲ್ಲಿ ಓದಿದೆ. ಅವರು ದಿಂಬಿನ ಚೀಲವನ್ನು ಎರಡು ಸಲ ಝಾಡಿಸಿ ಮಡಚಿದರು.

"ಅಷ್ಟಕ್ಕ ಇಷ್ಟು ವಿಚಾರ ಮಾಡ್ತೀಯಲ್ಲ. ಹೋದ ತಿಂಗಳು ಐತವಾರ ನೀವಿಬ್ಬರೂ ಪೆದ್ದಕಡುಬೂರಿಗೆ ಮದುವಿಗೆ ಹೋದಾಗ ಆಕಿಗೆ ಮಧ್ಯಾಹ್ನದ್ದು ನಾನಾ ಕೊಡಲಿಲ್ಲೇನು? ಒಂದು ಅಂದಿದ್ದ್ಯೋ ಎರಡು ಅಂದಿದ್ದ್ಯೋ, ನೆನಪಾ ಆಗವಲ್ದು. ಎರಡು ಕೊಟ್ಟೆ. ಸಂಜಿ ತನಕ ಚೆಂದಾಗಿ ನಿದ್ದಿ ಮಾಡಿದ್ಲು ನೋಡು."